ಗಣೇಶಪುರಿಯ ಬಿಸಿನೀರಿನ ಕುಂಡಗಳಿಗೆ ಹೋಗುವವರು ಆ ನೆಲದ ಚರಿತ್ರೆಯನ್ನು ಅರಿಯುವ ಬಗೆ

ಥಾಣೆ ಜಿಲ್ಲೆಯ ಭಿವಂಡಿ ತಾಲೂಕಿನಲ್ಲಿ, ತಾನ್ಸಾ ನದಿಯ ಆಸುಪಾಸಿನಲ್ಲಿರುವ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿಗಳಿಗೆ ಕಾಸರಗೋಡಿನಿಂದ ಹೋಗುವವರು ಸಾಮಾನ್ಯವಾಗಿ ನಿತ್ಯಾನಂದ ಸ್ವಾಮಿಗಳ ಸಮಾಧಿಗೆ ಕೈಮುಗಿದು, ಬಿಸಿನೀರಿನ ಕುಂಡದಲ್ಲಿ ಮಿಂದು, ಸಂಜೆಯೊಳಗೆ ಮುಂಬಯಿಗೆ ಮರಳುತ್ತಾರೆ. ಇನ್ನೊಂದು ದಿನ ಉಳಿದುಕೊಳ್ಳಲು ಸಾಧ್ಯವಾದರೆ, ರೆಸಾರ್ಟುಗಳು ಬರುವುದಕ್ಕೂ ಬಹಳ ಹಿಂದಿನಿಂದ ಆ ಕಾಡಿನಲ್ಲಿ ಬಾಳಿದವರ ಚರಿತ್ರೆಯನ್ನೂ ನೋಡಿ ಬರಬಹುದು. ನೋಡಿಯೇ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಸಿದ್ಧತೆಯನ್ನು ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿಯೇ (ಕಾಞಂಗಾಡ್) ಆರಂಭಿಸಿ. ಕೆಳದಿ ನಾಯಕರ ಕೋಟೆಯ ಬಳಿಯ ನಿತ್ಯಾನಂದಾಶ್ರಮದಲ್ಲಿ ಸ್ವಾಮಿಗಳು ಮುರಕಲ್ಲಿನಲ್ಲಿ ಕೊರೆಯಿಸಿದ ಗುಹೆಗಳಿವೆ. ಒಳಹೊಕ್ಕು ಗೋಡೆಯನ್ನು ಮುಟ್ಟಿ ನೋಡಿ: ತೂತುತೂತಾದ ಈ ಕೆಂಪು ಕಲ್ಲು ಮಳೆನೀರನ್ನು ಹೀರಿಕೊಳ್ಳುವುದರಿಂದಲೇ ನಮ್ಮ ಜಿಲ್ಲೆಯ ಎಣ್ಮಕಜೆ, ಬಾಯಾರುಗಳ ತೋಟಗಳಿಗೆ ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಬಿಲದ, ತಣ್ಣೀರು ದೊರೆಯುತ್ತದೆ. ಗಣೇಶಪುರಿಯದು ಕಪ್ಪು ಬಸಾಲ್ಟ್ ಶಿಲೆಯ ನೆಲ. ಅಲ್ಲಿ ಮಳೆನೀರು ಬಿರುಕುಗಳ ಮೂಲಕ ಬಹಳ ಆಳಕ್ಕಿಳಿದು, ಭೂಗರ್ಭದ ಶಾಖದಿಂದ ಕಾದು, ಮತ್ತೆ ಮೇಲೆ ಬರುತ್ತದೆ. ಕುಂಡದ ಕೆಳಗೆ ಜ್ವಾಲಾಮುಖಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಶಿಲೆಯ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ.

ಥಾಣೆ ಅಥವಾ ವಸಾಯಿ ರೋಡಿನಲ್ಲಿ ರೈಲಿಳಿದು ಮೊದಲು ವಜ್ರೇಶ್ವರಿಗೆ ಹೋಗಿ. ಪೋರ್ಚುಗೀಸರ ವಶದಲ್ಲಿದ್ದ ವಸಾಯಿ ಕೋಟೆಯನ್ನು ಗೆದ್ದರೆ ದೇವಿಗೆ ಗುಡಿ ಕಟ್ಟಿಸುವೆನೆಂದು ಪೇಶ್ವೆ ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ಹರಕೆ ಹೊತ್ತಿದ್ದನೆಂದೂ, 1739ರಲ್ಲಿ ಕೋಟೆ ಕೈಸೇರಿದ ಬಳಿಕ ಅದನ್ನು ತೀರಿಸಿದನೆಂದೂ ಪ್ರತೀತಿ. ದೇವಸ್ಥಾನವೂ ಕೋಟೆಯಂತೆಯೇ ಕಾಣುತ್ತದೆ.

ಸ್ನಾನವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಒಂದೊಂದು ಕುಂಡದ ಬಿಸಿ ಒಂದೊಂದು ಬಗೆಯದಾದುದರಿಂದ ಮೊದಲು ಕೈಯದ್ದಿ ನೋಡಿ, ಸಾಬೂನು ಬಳಸದೆ, ಸ್ವಲ್ಪ ಹೊತ್ತಿನಲ್ಲಿಯೇ ಮೇಲೆ ಬನ್ನಿ. ಹೃದ್ರೋಗ ಅಥವಾ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು.

ಮುಖ್ಯವಾದ ಕೆಲಸ ಇನ್ನು ಮುಂದಿನದು. ನಿತ್ಯಾನಂದ ಸ್ವಾಮಿಗಳು 1930ರ ದಶಕದಲ್ಲಿ ಇಲ್ಲಿ ನೆಲೆನಿಂತಾಗ ಸುತ್ತಲೂ ಕಾಡಿತ್ತು, ಕಾಡಿನಲ್ಲಿ ವಾರ್ಲಿ, ಕಾತಕರಿ ಮೊದಲಾದ ಆದಿವಾಸಿಗಳಿದ್ದರು. 1961ರ ಆಗಸ್ಟ್ 8ರಂದು ಸಮಾಧಿ ಹೊಂದುವವರೆಗೂ ಸ್ವಾಮಿಗಳು ಆದಿವಾಸಿ ಮಕ್ಕಳಿಗೆ ಊಟ ಹಾಕಿಸುವುದರಲ್ಲಿ ಆಸಕ್ತಿ ವಹಿಸಿದ್ದರೆಂಬುದನ್ನು ನೆನೆಯುವ ಭಕ್ತರು ಆ ಮಕ್ಕಳ ಊರುಗಳನ್ನೂ ಕಾಣಬೇಡವೇ? ಅಂಗಡಿಯ ಬಟ್ಟೆಚೀಲದ ಮೇಲಿನ ವಾರ್ಲಿ ಚಿತ್ರವನ್ನು ನೋಡಿ ತೃಪ್ತರಾಗಬೇಡಿ. ಮದುವೆಯ ಸಮಯದಲ್ಲಿ ಮುತ್ತೈದೆಯರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಚೌಕ ಬರೆಯುತ್ತಾರೆ, ಅದರೊಳಗೆ ಪಾಲಘಟ ದೇವಿ ನೆಲೆಸುತ್ತಾಳೆ. ತುದಿ ಜಗಿದು ಕುಂಚ ಮಾಡಿಕೊಂಡ ಬಿದಿರುಕಡ್ಡಿಯೇ ಲೇಖನಿ. ಎರಡು ತ್ರಿಕೋನಗಳು ತುದಿಗೆ ತುದಿ ಕೂಡಿದರೆ ಮನುಷ್ಯನ ಮೈ. ಹೆಂಗಸರ ಕೈಯಲ್ಲಿದ್ದ ಈ ವಿದ್ಯೆಯನ್ನು ಜೀವ್ಯಾ ಸೋಮಾ ಮಶೆ ಅವರು ಕಾಗದ, ಬಟ್ಟೆಗಳಿಗೆ ತಂದು ಲೋಕಪ್ರಸಿದ್ಧಗೊಳಿಸಿದರು.

ಊರ ಗಡಿಗಳಲ್ಲಿ ಹುಲಿ, ಸೂರ್ಯ, ಚಂದ್ರರನ್ನು ಕೆತ್ತಿದ, ಹುಲಿದೇವರಾದ ವಾಘೋಬನ ಕಲ್ಲು ಕಂಡರೆ ಚಪ್ಪಲಿ ಕಳಚಿ ನಿಲ್ಲಿ. ಹುಲಿದೈವ ಪಿಲಿಚಾಮುಂಡಿಯ ಕೋಲ ನೋಡಿ ಬೆಳೆದ ನಮಗೆ ಆ ಕಲ್ಲಿನ ಮಹತ್ವವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಫೋಟೋ ತೆಗೆಯುವ ಮೊದಲು ಮನೆಯವರನ್ನು ಕೇಳಿ, ಬೇಡವೆಂದರೆ ಒತ್ತಾಯಿಸಬೇಡಿ.

ಹಿರಿಯರೊಂದಿಗೆ ಮಾತನಾಡುವಾಗ ಹಾಡು, ಕುಣಿತಗಳ ಬಗ್ಗೆ ಮಾತ್ರ ಕೇಳಿದರೆ ಚರಿತ್ರೆಯ ಅರ್ಧ ಭಾಗ ಬಿಟ್ಟುಹೋಗುತ್ತದೆ. ಜಮೀನು ಯಾರದಾಗಿತ್ತು, ದುಡಿದವರು ಯಾರು, ಈಗ ಯಾರ ಕೈಯಲ್ಲಿದೆ ಎಂದೂ ಕೇಳಿ. ಇಲ್ಲಿಂದ ಉತ್ತರಕ್ಕಿರುವ ತಲಾಸರಿ, ಡಹಾಣೂ ಕಡೆಯ ವಾರ್ಲಿಗಳು 1945ರಲ್ಲಿ ಗೋದಾವರಿ ಪರುಳೇಕರ್ ಮತ್ತು ಶಾಮರಾವ್ ಪರುಳೇಕರ್ ಅವರ ನೇತೃತ್ವದಲ್ಲಿ ರೈತಸಂಘಟನೆಯಾದ ಕಿಸಾನ್ ಸಭೆ ಕಟ್ಟಿ, ಜಮೀನ್ದಾರರ ಬಿಟ್ಟಿ ಚಾಕರಿಯನ್ನು ಧಿಕ್ಕರಿಸಿದರು. 1941ರಲ್ಲಿ ಜಮೀನ್ದಾರರ ವಿರುದ್ಧ ಹೋರಾಡಿದ ಕಯ್ಯೂರಿನ ರೈತರನ್ನು ಮರೆಯದ ಕಾಸರಗೋಡು ಜಿಲ್ಲೆಯವರು ನಾವು; ಈ ಪ್ರಶ್ನೆ ಕೇಳುವ ಹೊಣೆ ನಮಗೆ ಇತರರಿಗಿಂತ ಹೆಚ್ಚಿದೆ.

ಕೇಳಿದ್ದನ್ನು ಹೇಳಿದವರ ಊರು ಮತ್ತು ದಿನಾಂಕ ಸಹಿತ ಅಂದೇ ಬರೆದಿಡಿ; ಹೆಸರನ್ನು ಅವರ ಒಪ್ಪಿಗೆಯಿದ್ದರೆ ಮಾತ್ರ ಸೇರಿಸಿ. ಗುರುಪೂರ್ಣಿಮೆ, ನವರಾತ್ರಿಗಳಲ್ಲಿ ಜನಸಂದಣಿ ಇರುವುದರಿಂದ ಮಾತುಕತೆಗೆ ಬಿಡುವು ಸಿಗದು. ಭತ್ತದ ಕೊಯ್ಲು ಮುಗಿದ ಚಳಿಗಾಲದ ದಿನಗಳೇ ಹೋಗಲು ಅನುಕೂಲ.