ಪಾಟ್ ಸ್ಟಿಲ್ ರಮ್: ಮೊದಲು ನೀರು, ಆಮೇಲೆ ಮೂಗು
ಜಮೈಕಾದ ಎಳೆಯ ಪಾಟ್ ಸ್ಟಿಲ್ ರಮ್ (ಹಂಡೆಯಲ್ಲಿ ಬಟ್ಟಿ ಇಳಿಸಿದ್ದು) 57% ಆಲ್ಕೋಹಾಲ್‌ನದಾಗಿದ್ದರೆ ಹಾಗೇ ಮೂಸಬೇಡಿ, 30 ಮಿ.ಲೀ.ಗೆ 10 ಮಿ.ಲೀ. ಕುಡಿಯುವ ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು, ಬಾಯಿ ತುಸು ತೆರೆದುಕೊಂಡೇ ಮೂಸಿ. ಸುಮಾರು 43%ಕ್ಕೆ ಇಳಿದಾಗ ಮೂಗು ಸುಡುವ ಸ್ಪಿರಿಟ್ ತಗ್ಗಿ ಹಣ್ಣಿನಂಥ ವಾಸನೆ ಕೊಡುವ ಎಸ್ಟರ್ ಎಂಬ ಸಂಯುಕ್ತಗಳ ವಾಸನೆ ಬಿಡಿಬಿಡಿಯಾಗಿ ಸಿಗುತ್ತದೆ: ಮೊದಲು ಉಗುರುಬಣ್ಣದ ಘಾಟು, ಹಿಂದೆಯೇ ತೀರಾ ಕಳಿತ ಅನಾನಸ್, ಬಾಳೆಹಣ್ಣು, ಕೊನೆಗೆ ಪಲ್ಪಿಂಗ್ ಆದ (ಹಣ್ಣಿನ ಸಿಪ್ಪೆ ಸುಲಿದ) ಕಾಫಿ ತೊಟ್ಟಿಯಲ್ಲಿ ಹುಳಿಯುವಾಗ ಬರುತ್ತದಲ್ಲ, ಅದೇ ವಾಸನೆ. ಕೆಟ್ಟಿದೆ ಅಂದುಕೊಂಡು ಚೆಲ್ಲಬೇಡಿ, ಈ ರಮ್‌ನ ಜೀವವೇ ಅದು. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಐಸ್ ಹಾಕಿದರೆ ಹಣ್ಣಿನ ವಾಸನೆ ಅಡಗಿಹೋಗುತ್ತದೆ. ಕ್ಲೋರಿನ್ ವಾಸನೆಯ ನಲ್ಲಿ ನೀರೂ ಬೇಡ. ನಮ್ಮ ಅಂಗಡಿಗಳಲ್ಲಿ ಸಿಗುವ 42.8% ರಮ್‌ಗೆ ಈ ಉಪಾಯ ನಡೆಯದು, ನೀರು ಬಿದ್ದರೆ ಸಪ್ಪೆಯಾಗುತ್ತದೆ.