ಹೋಮ್‌ಲ್ಯಾಂಡ್ ಸೆಕ್ಯುರಿಟಿ ಮಾಸ್ಟರ್ಸ್‌ಗೆ ಫೀಸ್ ಕಟ್ಟೋ ಮುಂಚೆ

ಅಮೆರಿಕಕ್ಕೆ ಬರೋ ನಮ್ಮ ಹುಡುಗ್ರಲ್ಲಿ ಈಗೀಗ ಕೆಲವರು ಕೋಡಿಂಗ್ ಬೇಡ, ಪಾಲಿಸಿ ಕಡೆ, ಅಂದ್ರೆ ದೇಶದ ಭದ್ರತೆ, ವಿಪತ್ತು ನಿರ್ವಹಣೆ ಓದೋ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಮಾಸ್ಟರ್ಸ್‌ಗೆ ಹೋಗ್ತೀವಿ ಅಂತಾರೆ. 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ಹೋಗಿ ಅಕ್ಕಿ ಚೀಲ ಹೊತ್ತವರೂ ಇದಾರೆ, ಆಸಕ್ತಿ ಸುಳ್ಳಲ್ಲ. ವೀಸಾ ಇಂಟರ್‌ವ್ಯೂ, ಬಾಡಿಗೆ ಮನೆ, ಇವೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಟು ನೇರ ದುಡ್ಡು ಕಳೆಯೋ ಜಾಗಕ್ಕೆ ಬರ್ತೀನಿ.

ಫೆಡರಲ್ ಸರ್ಕಾರದ ರೆಗ್ಯುಲರ್ ಕೆಲಸಕ್ಕೆ ಅಮೆರಿಕದ ಸಿಟಿಜನ್ ಆಗಿರ್ಬೇಕು. 1976ರಿಂದ ಅಧ್ಯಕ್ಷರ ಆದೇಶವೇ ಇದೆ, ಸಣ್ಣಪುಟ್ಟ ವಿನಾಯಿತಿ ಇದೆ, ಆದ್ರೆ ಅದನ್ನ ನಂಬ್ಕೊಂಡು ಸಾಲ ಮಾಡ್ಬೇಡಿ. ಗ್ರೀನ್ ಕಾರ್ಡ್ ಇದ್ರೂ ಸಾಲಲ್ಲ. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ (ಡಿಎಚ್‌ಎಸ್) ಬಿಡಿ, ಅದರ ಕೆಳಗಿನ ವಿಪತ್ತು ಸಂಸ್ಥೆ ಫೀಮಾ, ಚಂಡಮಾರುತದಂಥ ವಿಪತ್ತು ಬಂದಾಗ ಮಾತ್ರ ಕರೆಸ್ಕೊಳ್ಳೋ ರಿಸರ್ವಿಸ್ಟ್ ಕೆಲಸಕ್ಕೂ ಇದೇ ರೂಲ್. ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿ ನೋಡೋ ಅನುಮತಿ) ಬೇಕು ಅಂದ್ರೆ ಕಂಟ್ರಾಕ್ಟರ್ ಕಂಪನಿ ಬಾಗಿಲೂ ಮುಚ್ತು. ಇದನ್ನ ಯಾವ ಬ್ರೋಷರ್‌ನಲ್ಲೂ ದಪ್ಪಕ್ಷರದಲ್ಲಿ ಹಾಕಲ್ಲ, ಕ್ಯಾಪಿಟಲ್ ಬಿಲ್ಡಿಂಗ್ ಫೋಟೋ ಮಾತ್ರ ದೊಡ್ಡದಾಗಿರುತ್ತೆ. ಹಾಸನ ಕಡೆ ಹುಡುಗ ಒಬ್ಬ, ಅಪ್ಪ ತೋಟದ ಮೇಲೆ ಸಾಲ ತೆಗೆದು ಕಳ್ಸಿದ್ರು, ಕೊನೇ ಸೆಮಿಸ್ಟರ್‌ನಲ್ಲಿ ಫೆಡರಲ್ ಕೆಲಸಗಳ ಯುಎಸ್‌ಎ ಜಾಬ್ಸ್ ಸೈಟ್ ತೆಗೆದು ಒಂದೊಂದೇ ನೋಟಿಫಿಕೇಶನ್ ಓದ್ತಾ ಹೋದ, ಎಲ್ಲದರಲ್ಲೂ ಅದೇ ಒಂದು ಸಾಲು. ಇಂಡಿಯಾದವರ ಗ್ರೀನ್ ಕಾರ್ಡ್ ಕ್ಯೂ ಎಷ್ಟುದ್ದ ಅಂತ ಹೇಳ್ಬೇಕಾಗಿಲ್ಲ, ಅದಾದ್ಮೇಲೂ ಸಿಟಿಜನ್‌ಶಿಪ್‌ಗೆ ಸಾಮಾನ್ಯವಾಗಿ 5 ವರ್ಷ.

ಇದರ ಜೊತೆಗೆ ಇನ್ನೊಂದು ಪೆಟ್ಟು. ಪಾಲಿಸಿ ಡಿಗ್ರಿ ಎಷ್ಟೋ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟೀಲಿ ಇರಲ್ಲ. ಹಂಗಾದ್ರೆ ಓಪಿಟಿ, ಅಂದ್ರೆ ಓದು ಮುಗಿದ್ಮೇಲೆ ಇಲ್ಲಿ ಕೆಲಸ ಮಾಡೋ ಅನುಮತಿ, 12 ತಿಂಗಳಿಗೆ ಮುಗೀತು, ಇಂಜಿನಿಯರಿಂಗ್ ರೂಮ್‌ಮೇಟ್‌ಗೆ ಸಿಗೋ ಹೆಚ್ಚುವರಿ 24 ತಿಂಗಳು ನಿಮಗಿಲ್ಲ. ಅಡ್ಮಿಶನ್ ಆಫೀಸಿಗೆ ಮೇಲ್ ಹಾಕಿ ಈ ಕೋರ್ಸಿನ ಸಿಐಪಿ ಕೋಡ್ (ಕೋರ್ಸ್ ಯಾವ ವಿಷಯದ್ದು ಅಂತ ಗುರುತಿಸೋ ನಂಬರ್) ಏನು ಅಂತ ಬರವಣಿಗೇಲಿ ಕೇಳಿ, ಆ ಕೋಡ್ ಸ್ಟೆಮ್ ಲಿಸ್ಟಲ್ಲಿದೆಯಾ ಅಂತ ನೀವೇ ನೋಡಿ. ಏಜೆಂಟ್ ಹೇಳಿದ್ದನ್ನ ನಂಬ್ಬೇಡಿ ಮಾರಾಯ್ರೆ.

ಹಂಗಂತ ದಾರಿನೇ ಇಲ್ಲ ಅಂತಲ್ಲ. ಇಲ್ಲಿ ವಿಪತ್ತು ಅನ್ನೋದು ಮೊದಲು ಊರಿನದು, ಆಮೇಲೆ ಕೌಂಟಿ (ನಮ್ಮ ಜಿಲ್ಲೆ ಥರ), ಆಮೇಲೆ ರಾಜ್ಯದ ಗವರ್ನರ್, ಅವರು ಕೇಳ್ಕೊಂಡ್ಮೇಲೆ ಅಧ್ಯಕ್ಷರ ಘೋಷಣೆ, 1988ರ ಸ್ಟ್ಯಾಫರ್ಡ್ ವಿಪತ್ತು ಪರಿಹಾರ ಕಾಯ್ದೆ ಪ್ರಕಾರ. ನಮ್ಮಲ್ಲಿ ಡಿಸಿ ಒಂದು ಆರ್ಡರ್ ಹಾಕಿದ್ರೆ ಶಾಲೆಗೆ ರಜಾ, ಗಂಜಿ ಕೇಂದ್ರ, ಬೋಟ್ ಎಲ್ಲಾ ಒಟ್ಟಿಗೆ ಓಡುತ್ತೆ, ಮೊದಲೆರಡು ದಿನಕ್ಕೆ ನಮ್ಮ ಪದ್ಧತಿನೇ ವಾಸಿ ಅಂತ ನನ್ನ ವಾದ. ಆದ್ರೆ ಆಮೇಲೆ ಸೇತುವೆ, ಶಾಲೆ ಕಟ್ಟೋ ದುಡ್ಡಿನ ವಿಷಯಕ್ಕೆ ಬಂದ್ರೆ ಇವರೇ ಮುಂದೆ, ಅರ್ಹ ಖರ್ಚಲ್ಲಿ ಕನಿಷ್ಠ 75 ಪರ್ಸೆಂಟ್ ಫೆಡರಲ್ ಪಾಲು, ಪ್ರತಿ ಬಿಲ್ಲಿಗೂ ಲೆಕ್ಕ ಬೇಕು. ಆ ಲೆಕ್ಕ ಬರೆಯೋಕೆ ಜನ ಬೇಕಲ್ಲ, ಅಲ್ಲೇ ನಿಮಗೆ ಜಾಗ. ಕನ್ಸಲ್ಟಿಂಗ್ ಕಂಪನಿ, ರಿಲೀಫ್ ಸಂಸ್ಥೆ, ಕೆಲವು ಕೌಂಟಿ, ಸಿಟಿ ಆಫೀಸ್‌ಗಳಲ್ಲಿ ವರ್ಕ್ ಪರ್ಮಿಟ್ ಇದ್ರೆ ಸಾಕು. ಯೂನಿವರ್ಸಿಟಿಗಳ ರಿಸರ್ಚ್ ಸೆಂಟರ್‌ಗಳಿಗೆ ಎಚ್-1ಬಿ (ಕೆಲಸದ ವೀಸಾ) ಲಾಟರಿನೂ ಇಲ್ಲ, ನನ್ನ ಕೇಳಿದ್ರೆ ಮೊದಲು ಅಲ್ಲಿ ಹುಡುಕಿ.

ಇನ್ನೊಂದು ದಾರಿ ಗವರ್ನಮೆಂಟ್ ರಿಲೇಶನ್ಸ್, ಅಂದ್ರೆ ಈ ಸಂಸ್ಥೆಗಳ ಪರವಾಗಿ ಶಾಸಕರ ಆಫೀಸ್ ಸುತ್ತೋ ಕೆಲಸ. ಡಿಎಚ್‌ಎಸ್ ಮೇಲೆ ಕಣ್ಣಿಡೋ ಅಮೆರಿಕ ಸಂಸತ್ತಿನ (ಕಾಂಗ್ರೆಸ್) ಕಮಿಟಿ, ಸಬ್‌ಕಮಿಟಿ ಸೇರಿ 88 ಅಂತ 9/11 ದಾಳಿ ತನಿಖೆ ಮಾಡಿದ ಆಯೋಗ 2004ರಲ್ಲೇ ಗೊಣಗಿತ್ತು, ಸುತ್ತಾಟಕ್ಕೇನೂ ಕಮ್ಮಿ ಇಲ್ಲ. ಇಂಥ ಲಾಬಿಯಿಂಗ್ ಕೆಲಸದ ರಿಜಿಸ್ಟ್ರೇಶನ್‌ಗೆ ಸಿಟಿಜನ್‌ಶಿಪ್ ಕೇಳಲ್ಲ. ಆದ್ರೆ ಹುಷಾರ್, ಚುನಾವಣಾ ದೇಣಿಗೆ ಮಾತ್ರ ಎಫ್-1 (ವಿದ್ಯಾರ್ಥಿ ವೀಸಾ), ಎಚ್-1ಬಿಯವರು ಕೊಡೋ ಹಾಗೇ ಇಲ್ಲ, ಕೌಂಟಿ ಎಲೆಕ್ಷನ್‌ಗೂ ಇಲ್ಲ. ಕನ್ನಡ ಕೂಟದ ಹಿರಿಯರು ಪ್ರೀತಿಯಿಂದ "ಬಾರೋ, ನಮ್ಮ ಕ್ಯಾಂಡಿಡೇಟ್‌ಗೆ ಡಿನ್ನರ್ ಇದೆ, ಒಂದು ಟಿಕೆಟ್ ತಗೋ" ಅಂತಾರೆ, ಆ ಟಿಕೆಟ್ಟೂ ದೇಣಿಗೆನೇ. ಗ್ರೀನ್ ಕಾರ್ಡ್‌ನವರು ಕೊಡಬಹುದು, ನೀವು ಊಟಕ್ಕೆ ಮನೆಗೇ ಹೋಗಿ.

ಮುಂದೆ ಸಿಟಿಜನ್ ಆಗಿ ಕ್ಲಿಯರೆನ್ಸ್‌ಗೆ ಅರ್ಜಿ ಹಾಕೋರು ಮೈಸೂರಿನ ಸೈಟು, ಊರಿನ ಬ್ಯಾಂಕ್ ಖಾತೆ, ಸರ್ಕಾರಿ ಕೆಲಸದಲ್ಲಿರೋ ಅಣ್ಣ ಎಲ್ಲಾ ಬರೀಬೇಕು. ಇರೋದಕ್ಕಿಂತ ಮುಚ್ಚಿಡೋದೇ ದೊಡ್ಡ ತಪ್ಪು ಅಲ್ಲಿ.

ಅಲ್ಲೀವರೆಗೆ ಫೀಮಾದ ಐಎಸ್-100, ಐಎಸ್-700 ಅನ್ನೋ ವಿಪತ್ತು ನಿರ್ವಹಣೆಯ ಆನ್‌ಲೈನ್ ಕೋರ್ಸ್ ಮುಗ್ಸಿಡಿ, ಪೂರ್ತಿ ಫ್ರೀ. ಇದಕ್ಕೇ ಡಾಲರ್ ಕೇಳೋ ಕನ್ಸಲ್ಟೆಂಟ್ ಸಿಕ್ಕಿದ್ರೆ ನಂಬರ್ ಬ್ಲಾಕ್ ಮಾಡಿ.