ಒಣ ಕಸ ಒಣಗಿರಲಿ: ಮೈಸೂರಿಗೆ ಬಂದ ಹೊಸ ಕುಟುಂಬಗಳಿಗೆ

ಮನೆ ಸಿಕ್ಕಿತು, ಹಾಲು ಉಕ್ಕಿಸಿದ್ದಾಯಿತು, ಗ್ಯಾಸ್ ಸಿಲಿಂಡರೂ ಬಂತು. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಸೀಟಿ ಕೇಳಿಸುತ್ತದೆ. ನೀವು ಎಲ್ಲವನ್ನೂ ಒಂದೇ ಕವರಿನಲ್ಲಿ ಗಂಟು ಕಟ್ಟಿಕೊಂಡು ಓಡುತ್ತೀರಿ. ಗಾಡಿಯ ಪಕ್ಕ ನಿಂತ ಪೌರಕಾರ್ಮಿಕ ಮಹಿಳೆ ಗಂಟನ್ನು ಒಮ್ಮೆ ಎತ್ತಿ ನೋಡಿ, "ಹಸಿ ಬೇರೆ, ಒಣ ಬೇರೆ ಮಾಡಿ ಕೊಡಿ ಅಮ್ಮ" ಎನ್ನುತ್ತಾರೆ. ಹೊಸಬರು ನಮ್ಮ ಸಂಘದಲ್ಲಿ ಕೇಳುವ ಮೊದಲ ಪ್ರಶ್ನೆ ಕುಡಿಯುವ ನೀರಿನದು, ಎರಡನೆಯದು ಈ ಗಂಟಿನದು.

ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸಿ ಕೊಡುವುದು ಮನೆಯವರ ಹೊಣೆ ಎಂದು ಕೇಂದ್ರ ಸರ್ಕಾರದ 2016ರ ನಿಯಮಗಳೇ ಹೇಳಿದವು. ಅದೇ ವರ್ಷದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಿತ್ತು. ಆ ಮಾತನ್ನು ನಾವು ಈಗಲೂ ನೆಂಟರ ಮುಂದೆ ಎತ್ತುತ್ತೇವೆ. ಇದೇ ಊರಿನ ವಿದ್ಯಾರಣ್ಯಪುರಂನಲ್ಲಿ ಪಾಲಿಕೆ ಕಸ ಸುರಿಯುತ್ತ ಬಂದ ಸೂಯೆಜ್ ಫಾರ್ಮಿನಲ್ಲಿ ಬೆಳೆದ ಕಸದ ಗುಡ್ಡದ ಮಾತನ್ನು ಅಷ್ಟಾಗಿ ಎತ್ತುವುದಿಲ್ಲ. ಬೇರ್ಪಡದ ಗಂಟುಗಳು ಸೇರುವುದು ಅಂಥ ಗುಡ್ಡಗಳಿಗೇ. ಅಡಿಯಲ್ಲಿ ಸಿಕ್ಕಿಕೊಂಡ ಅನ್ನ, ತರಕಾರಿ ಸಿಪ್ಪೆ ಗಾಳಿಯಾಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವ ಬಲ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು. ಗುಡ್ಡಕ್ಕೆ ಬೆಂಕಿ ಬಿದ್ದರೆ ಆರಿಸುವುದು ಕಷ್ಟವಾಗುವುದೂ ಈ ಅನಿಲದಿಂದ.

ಇನ್ನು ನಿಮ್ಮ ಸಿಂಕಿನ ಹತ್ತಿರ ಬನ್ನಿ. ಹಾಲಿನ ಕವರಿನಿಂದ ಶುರು ಮಾಡೋಣ. ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ; ಉಗುರಿನಷ್ಟು ಆ ತುಂಡು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಒಂದು ಎಳೆ ಅಂಟಿಕೊಂಡಿರುವಂತೆ ಕತ್ತರಿಸಿ. ಹಾಲು ಬಗ್ಗಿಸಿದ ಮೇಲೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ಕವರನ್ನು ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿಬಿಡಿ. ಒಣಗಿದ ಮೇಲೆ ತಾನೇ ಕಳಚಿ ಬೀಳುತ್ತದೆ. ತೊಳೆದು ಒಣಗಿಸಿದ ಕವರು ಗುಜರಿಯಲ್ಲಿ ಸರಕು. ಕರಗಿ ಹರಳಾಗಿ ಮತ್ತೆ ಪೈಪೋ ಚೀಲವೋ ಆಗುತ್ತದೆ. ತೊಳೆಯದ ಕವರು ನಾರುವ ಕಸ, ಅಷ್ಟೇ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಇಲ್ಲಿಗೆ ಬಂದ ಮೊದಲ ವರ್ಷ ಒಂದು ತಿಂಗಳ ಪತ್ರಿಕೆಗಳ ಜೊತೆಗೆ ಮೊಸರಿನ ಕವರುಗಳನ್ನೂ ಒಂದೇ ಚೀಲಕ್ಕೆ ತುರುಕಿದ್ದೆ. ಗುಜರಿಯವರು ಚೀಲ ಬಿಚ್ಚಿದರು, ಎರಡು ಜಿರಳೆ ಹೊರಗೆ ಬಂದವು. ಅವರು ಏನೂ ಹೇಳದೆ ಚೀಲದ ಬಾಯಿ ಮಡಿಸಿ ನನ್ನ ಕಡೆ ಸರಿಸಿದರು. ಮೊಸರು ಕುಡಿದ ಪತ್ರಿಕೆಯನ್ನು ತೂಕಕ್ಕೆ ಹಾಕುವವರು ಯಾರು?

ಹೋಟೆಲಿನ ಇಡ್ಲಿ ಪಾರ್ಸಲ್ಲು ಒಳ್ಳೆಯ ಪರೀಕ್ಷೆ. ಹೊರಗಿನ ಪತ್ರಿಕೆ ಒಣಗಿದ್ದರೆ ಒಣ ಕಸ. ಒಳಗಿನ ಬಾಳೆಎಲೆ ಹಸಿ ಕಸ. ಸಾಂಬಾರಿನ ಕವರು ತೊಳೆದರೆ ಒಣ ಕಸ. ಎಣ್ಣೆ ಹೀರಿದ ಕಾಗದ ಮರುಬಳಕೆಗೆ ಬಾರದು. ಹರಿದು ಗೊಬ್ಬರಕ್ಕೆ ಹಾಕಿ. ಹೋಗುವಾಗಲೇ ಸ್ಟೀಲ್ ಡಬ್ಬಿ ಒಯ್ದರೆ ಈ ತಾಪತ್ರಯವೇ ಇಲ್ಲ.

ಪತ್ರಿಕೆ, ರಟ್ಟು, ಕಬ್ಬಿಣ, ನೀರಿನ ಬಾಟಲಿ, ಗಾಜಿನ ಸೀಸೆ ಗುಜರಿಗೆ ಹೋಗುತ್ತವೆ. ದರ ದಿನಕ್ಕೊಂದು ಬಗೆ, ಚೌಕಾಸಿಗೆ ಹೆಚ್ಚು ಸಮಯ ಕೊಡಬೇಡಿ. ಮರುಬಳಕೆಯ ಲಾಭ ಎಲ್ಲದರಲ್ಲೂ ಒಂದೇ ಅಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕರಗಿಸಿ ಮತ್ತೆ ಲೋಹ ಮಾಡಲು, ಅದಿರಿನಿಂದ ತೆಗೆಯುವಾಗ ಬೇಕಾಗುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 5 ಪಾಲು ಸಾಕು. ಗಾಜನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಕಾಗದದ ನಾರು ಮಾತ್ರ ಪ್ರತಿ ಸುತ್ತಿಗೂ ಗಿಡ್ಡವಾಗುತ್ತ ಐದಾರು ಸುತ್ತಿಗೆ ದಣಿಯುತ್ತದೆ, ಆದ್ದರಿಂದ ಒಂದು ಮಗ್ಗುಲು ಖಾಲಿ ಇರುವ ಹಾಳೆಯನ್ನು ಮೊದಲು ಮಕ್ಕಳ ಲೆಕ್ಕಕ್ಕೆ ಕೊಡಿ. ಚಿಪ್ಸ್ ಪೊಟ್ಟಣದಲ್ಲಿ ಪದರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ. ಅದನ್ನು ಪಾಲಿಕೆಯ ಗಾಡಿಗೆ ಕೊಡಿ. ಅಂಥ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಉರುವಲಾಗಿ ಹೋಗುವುದುಂಟು. ಹಿತ್ತಲಿನಲ್ಲಿ ಮಾತ್ರ ಪ್ಲಾಸ್ಟಿಕ್ ಸುಡಬೇಡಿ. ಆ ಹೊಗೆ ನಿಮ್ಮ ಮಗುವಿನ ಮೂಗಿಗೇ ಮೊದಲು.

ಒಡೆದ ಗಾಜು, ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಒಳಗೇನಿದೆ ಎಂದು ಮೇಲೆ ದೊಡ್ಡದಾಗಿ ಬರೆಯಿರಿ. ಪ್ಯಾಡು, ಡೈಪರುಗಳನ್ನು ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆಯಾಗಿಯೇ ಕೊಡಿ. ಇವನ್ನು ಕೈಯಿಂದ ಬೇರ್ಪಡಿಸುವ ಹೆಣ್ಣುಮಕ್ಕಳಿದ್ದಾರೆ. ಟ್ಯೂಬ್‌ಲೈಟಿನಲ್ಲಿ ಪಾದರಸವಿರುವುದರಿಂದ ಒಡೆಯದೆ ಇಡಿ. ಬ್ಯಾಟರಿ, ಹಳೆಯ ಮೊಬೈಲೂ ಅದೇ ಸಾಲಿನವು.

ಆಯುಧಪೂಜೆಯ ಮರುದಿನ ಬೀದಿಗಳನ್ನು ನೋಡಿದರೆ ಈ ಊರಿನ ಹಸಿ ಕಸದ ಅಳತೆ ಗೊತ್ತಾಗುತ್ತದೆ: ಬಾಳೆಕಂದು, ಸೇವಂತಿಗೆ, ಒಡೆದ ಬೂದುಗುಂಬಳ. ಕುಂಬಳಕಾಯಿಯನ್ನು ರಸ್ತೆಯ ನಡುವೆ ಬಿಟ್ಟರೆ ಸ್ಕೂಟರಿನವರು ಜಾರುತ್ತಾರೆ. ದೃಷ್ಟಿ ತೆಗೆದ ಮೇಲೆ ಪಕ್ಕಕ್ಕೆ ಸರಿಸಿ. ಹೂವಿನ ಹಾರದ ದಾರ ಬಿಚ್ಚಿ, ಹೂವನ್ನು ಮಾತ್ರ ಗೊಬ್ಬರಕ್ಕೆ ಹಾಕಿ.

ಗೊಬ್ಬರಕ್ಕೆ ತಳದಲ್ಲಿ ತೂತಿರುವ ಒಂದು ಮಡಕೆ ಸಾಕು. ಒಂದು ಪದರ ಸಿಪ್ಪೆ, ಒಂದು ಪದರ ಒಣಗಿದ ಹೊಂಗೆ ಎಲೆ. ವಾರಕ್ಕೆರಡು ಸಲ ಕೆದಕಿ. ನಾರಿದರೆ ನೀರು ಹೆಚ್ಚಾಗಿದೆ ಎಂದು ಅರ್ಥ, ಇನ್ನಷ್ಟು ಎಲೆ ಸುರಿಯಿರಿ. ಎರಡು ತಿಂಗಳು ಕಳೆಯುವ ಹೊತ್ತಿಗೆ ಕಪ್ಪಗೆ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ. ಮೊಸರಿನಂತೆ ಇದಕ್ಕೂ ಹೆಪ್ಪು ಹಾಕಿದರೆ ಬೇಗ ಆಗುತ್ತದೆ. ಹಳೆಯ ಗೊಬ್ಬರ ಒಂದೆರಡು ಹಿಡಿ ಸಂಘದ ಹಿತ್ತಲಿನ ಮಡಕೆಯಲ್ಲಿ ಯಾವಾಗಲೂ ಇರುತ್ತದೆ. ಬೇಕಾದವರು ಬಂದು ಒಯ್ಯಬಹುದು, ಡಬ್ಬಿ ನೀವೇ ತನ್ನಿ.